ಮಲೆನಾಡಿನ ಮಾಡಿಗೆ ಮೂರು ಕಿಲೋವ್ಯಾಟ್ ಸೋಲಾರ್: ಕೊಯ್ಲಿನಿಂದ ಮಳೆಗಾಲದವರೆಗಿನ ಲೆಕ್ಕ

ಸಾಗರದಿಂದ ಜೋಗದ ದಿಕ್ಕಿಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮ ಹಳ್ಳಿ. ಅಡಿಕೆ ತೋಟ, ಅಂಚಿಗೆ ಒಂದಿಷ್ಟು ಕಾಳುಮೆಣಸು, ಕೊಟ್ಟಿಗೆಯಲ್ಲಿ ಎರಡು ದನ. ಅಡಿಕೆ ಮನೆಯ ತಗಡಿನ ಮಾಡಿನ ಮೇಲೆ ಮೂರು ಕಿಲೋವ್ಯಾಟಿನ ಸೋಲಾರ್ ಹಾಕಿಸಿದ ಮೇಲೆ ಒಂದು ಕೊಯ್ಲು, ಒಂದು ಬೇಸಿಗೆ, ಪೂರ್ತಿ ಒಂದು ಮಳೆಗಾಲ ಕಳೆಯಿತು. ಹೇಗಿದೆ, ಹಾಕಿಸಬಹುದಾ ಎಂದು ಊರಿನವರೂ ಹೊಸನಗರ, ತೀರ್ಥಹಳ್ಳಿ ಕಡೆಯ ನೆಂಟರೂ ಕೇಳುತ್ತಲೇ ಇದ್ದಾರೆ. ಯೂಟ್ಯೂಬಿನಲ್ಲಿ ಸಿಗುವ ವಿಮರ್ಶೆಗಳು ಹೆಚ್ಚಿನವು ಬಯಲುಸೀಮೆಯವು. ವಾರಗಟ್ಟಲೆ ಸೂರ್ಯ ಕಾಣದ ಊರಲ್ಲಿ ಇದು ಏನು ಮಾಡುತ್ತದೆ ಎಂದು ಅವರು ಹೇಳಲಾರರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಆರು ಪ್ಯಾನೆಲ್ಲು, ಲೈನಿಗೂ ಬ್ಯಾಟರಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್, ಐದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ, ಫ್ರೇಮು, ಅರ್ಥಿಂಗು, ಕೆಲಸದವರ ಕೂಲಿ ಎಲ್ಲ ಸೇರಿ ಮೂರು ಲಕ್ಷದ ಮೇಲೆ ಸ್ವಲ್ಪ ಆಯಿತು. ಬ್ಯಾಟರಿ ಬೇಡ ಎಂದಿದ್ದರೆ ಎರಡು ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ. ಮೂರು ಕಿಲೋವ್ಯಾಟ್ ಮೀರಿದರೂ ಅಷ್ಟೇ. ಪ್ಯಾನೆಲ್ಲಿನೊಳಗಿನ ಸೆಲ್ಲು ದೇಶದಲ್ಲೇ ತಯಾರಾದದ್ದಾಗಿರಬೇಕು ಎಂಬ ಷರತ್ತಿದೆ, ಹಾಗಾಗಿ ಅಗ್ಗದ ಚೀನಾ ಪ್ಯಾನೆಲ್ ತೋರಿಸಿ ಕಡಿಮೆ ರೇಟು ಹೇಳುವವರ ಹತ್ತಿರ ಮೊದಲು ಇದನ್ನೇ ಕೇಳಿ. ಸಬ್ಸಿಡಿ, ಲೈನಿಗೆ ಕೊಟ್ಟದ್ದನ್ನೂ ಲೈನಿನಿಂದ ತೆಗೆದದ್ದನ್ನೂ ಅಳೆಯುವ ನೆಟ್ ಮೀಟರ್ ಕೂತು ತಪಾಸಣೆ ಆದ ಮೇಲೆ ನೇರ ಬ್ಯಾಂಕ್ ಖಾತೆಗೆ ಬಂತು. ಬ್ಯಾಟರಿಯ ಖರ್ಚು ಪೂರಾ ನಮ್ಮದೇ.

ಹಾಕಿದವರು ಶಿವಮೊಗ್ಗದ ಒಂದು ಸಣ್ಣ ಅಂಗಡಿಯವರು. ಅವರನ್ನು ಆರಿಸಿದ್ದಕ್ಕೆ ಕಾರಣ ಒಂದೇ. ಬೇರೆ ಕಡೆ ವಿಚಾರಿಸಿದಾಗ ಯಾರೂ ಹೇಳದ ಮಾತನ್ನು ಇವರು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹೇಳಿದರು: ಬ್ಯಾಟರಿ ಇಲ್ಲದ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕ್ಷಣ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಸುಡುವ ಬಿಸಿಲಿದ್ದರೂ ಮನೆಯೊಳಗೆ ಒಂದು ಬಲ್ಬೂ ಹತ್ತುವುದಿಲ್ಲ. ನಮ್ಮ ಮಾಡಿನ ಕರೆಂಟು ಹಿಮ್ಮುಖವಾಗಿ ಲೈನಿಗೆ ಹರಿದರೆ ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೆ ಅಪಾಯ, ಅದಕ್ಕೇ ಇನ್ವರ್ಟರನ್ನು ಹಾಗೆ ಮಾಡಿರುತ್ತಾರೆ. ಅದು ಇರಲೇಬೇಕಾದ ವ್ಯವಸ್ಥೆ. ಆದರೆ ಮೊದಲ ಗಾಳಿಮಳೆಗೇ ಮತ್ತಿಮರ ಲೈನಿನ ಮೇಲೆ ಮಲಗಿ ದಿನಗಟ್ಟಲೆ ಕರೆಂಟಿಲ್ಲದ ಹಳ್ಳಿಗೆ ಇದನ್ನು ಹೇಳದೆ ಮಾರುವುದು ಮೋಸ ಎಂದೇ ನಾನು ತಿಳಿಯುತ್ತೇನೆ. ಶಿವಮೊಗ್ಗ ಪೇಟೆಯ ಮನೆಗೆ ಬ್ಯಾಟರಿ ಬೇಡ. ಆಗುಂಬೆ, ನಗರ, ಕಾರ್ಗಲ್ ಸೀಮೆಯವರು ಹೈಬ್ರಿಡ್ ಬಿಟ್ಟು ಬೇರೆ ನೋಡಲೇಬೇಡಿ.

ಜಾಗ ನೋಡಲು ಬಂದ ಹುಡುಗ ಚುರುಕಿದ್ದ. ವಾಸದ ಮನೆಯ ಹಂಚಿನ ಮಾಡಿನ ಮೇಲೆ ಬೇಡವೇ ಬೇಡ ಎಂದ. ಹಂಚು ಸರಿಸಿ ಪಕಾಸಿಗೆ ಬೋಲ್ಟ್ ಹೊಡೆದರೆ ಅಲ್ಲೆಲ್ಲ ಸೋರಲು ಶುರು, ನಮ್ಮ ಮಳೆಗೆ ಒಮ್ಮೆ ಸೋರಿದ ಜಂತಿ ಹಾಳು. ಅಡಿಕೆ ಮನೆಯ ತಗಡಿನ ಮಾಡು ದಕ್ಷಿಣಕ್ಕೆ ಇಳಿದಿದೆ, ಶಿವಮೊಗ್ಗ ಜಿಲ್ಲೆ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಅಷ್ಟೇ ಇಳಿಜಾರು ಸಾಕು, ಮಳೆನೀರೂ ಸರಾಗ ಇಳಿಯುತ್ತದೆ ಎಂದ. ಮಧ್ಯಾಹ್ನದ ಮೇಲೆ ಹಲಸಿನ ಮರದ ನೆರಳು ಎಲ್ಲಿವರೆಗೆ ಬರುತ್ತದೆ ಎಂದು ಫೋನಿನಲ್ಲಿ ನೋಡಿ ಒಂದು ಗೆಲ್ಲು ಕಡಿಯಲು ಹೇಳಿದ. ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೆ ಅದೇ ಸಾಲಿನ ಉಳಿದವಕ್ಕೂ ಪೆಟ್ಟು. ಮರ ಕಡಿಸದೆ ಗೆಲ್ಲಿನಲ್ಲೇ ಮುಗಿಸಿದ್ದು ನನಗೆ ಹಿಡಿಸಿತು.

ಇನ್ನು ಕೆಲಸ ಮಾಡಿದ ಬಗೆ. ನವೆಂಬರಿನಿಂದ ಜನವರಿವರೆಗೆ ನಮ್ಮಲ್ಲಿ ಅಡಿಕೆ ಸುಲಿಯುವ ಯಂತ್ರ ಬೆಳಿಗ್ಗೆಯಿಂದ ಸಂಜೆವರೆಗೆ ಓಡುತ್ತದೆ. ಈ ತಿಂಗಳುಗಳಲ್ಲೇ ಮನೆ ಮೀಟರು 200 ಯೂನಿಟ್ ದಾಟಿ ಗೃಹಜ್ಯೋತಿ ತಪ್ಪಿ ಪೂರ್ತಿ ಬಿಲ್ಲು ಬರುತ್ತಿತ್ತು. ಅದೇ ತಿಂಗಳುಗಳಲ್ಲಿ ಆಕಾಶ ಶುಭ್ರ, ಗಾಳಿ ತಣ್ಣಗೆ. ಪ್ಯಾನೆಲ್ಲಿಗೆ ಬಿಸಿಲು ಬೇಕು, ಆದರೆ ಕಾವು ಏರಿದಷ್ಟೂ ಅದರ ಉತ್ಪಾದನೆ ಇಳಿಯುತ್ತದೆ, ಹಾಗಾಗಿ ಚಳಿಗಾಲದ ಬಿಸಿಲು ಅದಕ್ಕೆ ಒಗ್ಗುತ್ತದೆ. ದಿನಕ್ಕೆ ಹನ್ನೆರಡು ಯೂನಿಟ್ ಸಲೀಸಾಗಿ ಬಂತು, ಫೆಬ್ರವರಿ ಮಾರ್ಚಿನಲ್ಲಿ ಕೆಲವು ದಿನ ಹದಿಮೂರು ದಾಟಿತು. ಸುಲಿಯುವ ಯಂತ್ರ ಹೆಚ್ಚುಕಡಿಮೆ ಪೂರ್ತಿ ಬಿಸಿಲಿನಲ್ಲೇ ಓಡಿತು. ನಮಗೆ ಕರೆಂಟು ಬೇಕಾದ ಹೊತ್ತೂ ಸೂರ್ಯ ಕೊಡುವ ಹೊತ್ತೂ ಇಷ್ಟು ಹೊಂದಿಕೊಂಡು ಬರುತ್ತದೆಂದು ನಾನು ಎಣಿಸಿರಲಿಲ್ಲ. ಬರೀ ದೀಪ, ಫ್ಯಾನು, ಮಿಕ್ಸಿಯಲ್ಲಿ ಮುಗಿಸಿ 200 ಯೂನಿಟ್ ಒಳಗೇ ಇರುವ ಮನೆಗೆ ದುಡ್ಡಿನ ಲೆಕ್ಕದಲ್ಲಿ ಸೋಲಾರ್ ಗಿಟ್ಟುವುದಿಲ್ಲ; ಸರ್ಕಾರವೇ ಬಿಲ್ಲು ಕಟ್ಟುವಾಗ ಉಳಿತಾಯ ಎಲ್ಲಿಂದ? ತೋಟದ ಪಂಪ್‌ಸೆಟ್ಟಿಗೂ ಇದರ ಸಂಬಂಧ ಬೇಡ, 10 ಎಚ್‌ಪಿವರೆಗೆ ರಾಜ್ಯದಲ್ಲಿ ಉಚಿತವೇ ಇದೆ.

ಜೂನ್ ಬಂತು. ಆ್ಯಪಿನಲ್ಲಿನ ಗೆರೆ ನೆಲಕ್ಕೆ ಇಳಿಯಿತು. ಒಳ್ಳೆ ದಿನ ನಾಲ್ಕು ಯೂನಿಟ್, ಮುಸಲಧಾರೆಯ ದಿನ ಎರಡೂ ಇಲ್ಲ. ಮೂರು ಕಿಲೋವ್ಯಾಟ್ ಎಂದು ರಸೀದಿಯಲ್ಲಿ ಬರೆದದ್ದು ಆಗಲೂ ಮೂರು ಕಿಲೋವ್ಯಾಟೇ! ಈ ವಿಮರ್ಶೆಯಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು. ಹಾಕಿದ ಸಾಮರ್ಥ್ಯ ಬೇರೆ, ಬೇಕಾದ ಹೊತ್ತಿಗೆ ಕೈಗೆ ಬರುವ ಯೂನಿಟ್ಟು ಬೇರೆ. ನಮ್ಮ ಬ್ಯಾಟರಿ ಆ ಎರಡು ಯೂನಿಟ್ಟನ್ನೇ ಹಿಡಿದಿಟ್ಟುಕೊಂಡು ರಾತ್ರಿ ದೀಪ, ಆಯಿಯ ಕೋಣೆಯ ಫ್ಯಾನು, ಮೊಬೈಲು ನೋಡಿಕೊಂಡಿತು. ಫ್ರಿಜ್ ಹಗಲು ಮಾತ್ರ. ಗ್ರೈಂಡರು, ಬಾವಿಯ ಮೋಟರು ಮಳೆಗಾಲದಲ್ಲಿ ಬ್ಯಾಟರಿ ಮೇಲೆ ಹಾಕುವ ಹಾಗಿಲ್ಲ. ಮಲೆನಾಡಿನ ಜುಲೈ ರಾತ್ರಿಗೆ ಇಷ್ಟು ಸಿಕ್ಕರೂ ದೊಡ್ಡದೇ. ಮೊದಲು ಸೀಮೆಎಣ್ಣೆ ಬುಡ್ಡಿ, ಆಮೇಲೆ ಚಾರ್ಜು ಮುಗಿಯುವ ಟಾರ್ಚು ನೋಡಿದವರಿಗೆ ಅದರ ಬೆಲೆ ಗೊತ್ತು.

ಕೊಯ್ಲಿನ ದಿನಗಳಲ್ಲಿ ಅಡಿಕೆ ಮನೆಯಲ್ಲಿ ಮಾತು ಎಂದರೆ ಮಾತು. ಭಾವ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಣ್ಣನ ಮಗ ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದಾನೆ. ಈ ಪ್ಯಾನೆಲ್ಲು ಬಂದದ್ದೇ ತಡ ಇಬ್ಬರಿಗೂ ವಾದಕ್ಕೆ ಕಚ್ಚಾಮಾಲು ಸಿಕ್ಕಿತು. 2030ಕ್ಕೆ ಪಳೆಯುಳಿಕೆಯೇತರ, ಅಂದರೆ ಕಲ್ಲಿದ್ದಲು, ಎಣ್ಣೆ, ಅನಿಲ ಬಿಟ್ಟ ಮೂಲಗಳಿಂದ 500 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಎಂದರೆ ಸಾವಿರ ಮೆಗಾವ್ಯಾಟ್) ಎಂದು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಹೇಳಿತ್ತು. 2025ರ ಮಧ್ಯದ ಹೊತ್ತಿಗೆ ದೇಶದ ಒಟ್ಟು ಸುಮಾರು 484 ಗಿಗಾವ್ಯಾಟ್ ಸಾಮರ್ಥ್ಯದಲ್ಲಿ ಅರ್ಧ, ಅಂದರೆ 242ರಷ್ಟು, ಪಳೆಯುಳಿಕೆಯೇತರವೇ ಆಗಿತ್ತು. ಅಣ್ಣನ ಮಗ ಇದನ್ನು ಹೆಮ್ಮೆಯಿಂದ ಹೇಳಿದ. ನಾನೂ ಹೆಮ್ಮೆ ಪಡುತ್ತೇನೆ. ಭಾವ ಕೇಳಿದ್ದು, "ಅದು ಸಾಮರ್ಥ್ಯ ಮಾರಾಯ, ಯೂನಿಟ್ಟು ಎಷ್ಟು ಬಂತು ಹೇಳು. ಈಗಲೂ ಹೆಚ್ಚಿನ ಕರೆಂಟು ಕಲ್ಲಿದ್ದಲಿಂದಲೇ ಬರ್ತಿರೋದು."

ನಮ್ಮ ರಾಜ್ಯದೊಳಗೇ ಲೆಕ್ಕ ಹಾಕಿ ನೋಡಿ. ಪಾವಗಡದ ಸೋಲಾರ್ ಪಾರ್ಕು 2050 ಮೆಗಾವ್ಯಾಟ್. ಕೈಗಾ ನಾಲ್ಕು ಘಟಕ ಸೇರಿ 880. ಓದಿದವನು ಪಾವಗಡವೇ ಎರಡು ಪಟ್ಟು ದೊಡ್ಡದು ಎಂದುಕೊಳ್ಳುತ್ತಾನೆ. ವರ್ಷಪೂರ್ತಿ ಯೂನಿಟ್ ಕೂಡಿಸಿದರೆ ಕೈಗಾದ್ದೇ ಹೆಚ್ಚು, ಏಕೆಂದರೆ ಅದು ರಾತ್ರಿಯೂ ಓಡುತ್ತದೆ, ಮಳೆಯಲ್ಲೂ ಓಡುತ್ತದೆ. ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತ್ತು. ಭಾವ ಆ ದಿನಗಳ ಮಾತು ಎತ್ತಿದರೆ ಅವರ ದನಿಯೇ ಬೇರೆಯಾಗುತ್ತದೆ. ನಮ್ಮ ಇನ್ವರ್ಟರು ಜುಲೈಯಲ್ಲಿ ಎರಡು ಯೂನಿಟ್ ತೋರಿಸುವಾಗ ಅವರ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಾಗೆಂದು ಅಣುವಿದ್ಯುತ್ತಿನ ಗುರಿಯನ್ನೂ ಕಣ್ಣುಮುಚ್ಚಿ ನಂಬಲಾರೆ. 2025ರ ಬಜೆಟ್ಟಿನಲ್ಲಿ 2047ಕ್ಕೆ 100 ಗಿಗಾವ್ಯಾಟ್ ಎಂದರು, ಸಣ್ಣ ರಿಯಾಕ್ಟರುಗಳಿಗೆ 20,000 ಕೋಟಿ ಇಟ್ಟರು, 2033ರೊಳಗೆ ಕನಿಷ್ಠ ಐದು ಓಡಬೇಕು ಎಂದರು. ಆಗ ದೇಶದಲ್ಲಿ ಇದ್ದದ್ದು 9 ಗಿಗಾವ್ಯಾಟಿಗೂ ಕಡಿಮೆ, ಒಟ್ಟು ಉತ್ಪಾದನೆಯಲ್ಲಿ ಶೇ. 3ರ ಆಸುಪಾಸು. ಕೈಗಾದ ಮೊದಲ ಘಟಕದ ಕೆಲಸ ಶುರುವಾದದ್ದು 1989ರಲ್ಲಿ, ಕರೆಂಟು ಬಂದದ್ದು 2000ದಲ್ಲಿ. ನಡುವೆ 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತ್ತು. ನಮ್ಮ ಮಾಡಿಗೆ ಪ್ಯಾನೆಲ್ಲು ಏರಿದ್ದು ಒಂದು ವಾರದೊಳಗೆ. ಜರ್ಮನಿಯವರು 2023ರ ಏಪ್ರಿಲ್‌ನಲ್ಲಿ ಕೊನೆಯ ಮೂರು ರಿಯಾಕ್ಟರನ್ನೂ ಮುಚ್ಚಿದರು. ಓಡುತ್ತಿದ್ದದ್ದನ್ನು ಮುಚ್ಚಿದ್ದು ತಪ್ಪು ಎಂದು ಭಾವ, ಹೊಸದು ಕಟ್ಟುವ ದುಡ್ಡಲ್ಲಿ ಎಷ್ಟು ಮಾಡಿಗೆ ಪ್ಯಾನೆಲ್ ಹಾಕಬಹುದು ಎಂದು ಹುಡುಗ. ನನಗೆ ಇಬ್ಬರ ಮಾತೂ ಸರಿ ಕಾಣುತ್ತದೆ. ಕೈಗಾದಲ್ಲಿ ಇರುವ ಆವರಣದೊಳಗೇ 700 ಮೆಗಾವ್ಯಾಟಿನ ಐದು, ಆರನೇ ಘಟಕ ಬರುವುದಕ್ಕೆ ನಾನು ವಿರೋಧ ಹೇಳುವುದಿಲ್ಲ. ಆದರೆ ಕೈಗಾ ಇರುವ ಕಾಳಿ ಕಣಿವೆಯವರೂ ಕದ್ರಾ ಅಣೆಕಟ್ಟೆಗೆ ಊರು ಬಿಟ್ಟವರು. ಹೌದು ಎನ್ನುವ, ಬೇಡ ಎನ್ನುವ ಮೊದಲ ಹಕ್ಕು ಅವರದು.

ನಮ್ಮ ಅಜ್ಜ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ತೋಟ, ಮನೆ, ಊರದೇವರ ಬನ ಎಲ್ಲ ನೀರಿನಡಿಗೆ ಹೋಯಿತು. ಶರಾವತಿಯ 1035 ಮೆಗಾವ್ಯಾಟಿನ ಕರೆಂಟು ಬೆಂಗಳೂರಿಗೆ ಹೋಯಿತು. ಮುಳುಗಡೆ ಹಳ್ಳಿಗಳಿಗೆ ಕಂಬ ಬಂದದ್ದು ಎಷ್ಟೋ ಕಾಲದ ಮೇಲೆ. ಆದ್ದರಿಂದ ಯಾವುದೇ ಗುರಿ ಓದಿದರೂ ನಾನು ಮೊದಲು ಕೇಳುವುದು, ಇದು ಕೂರುವುದು ಯಾರ ಜಾಗದ ಮೇಲೆ? ಅಡಿಕೆ ಮನೆಯ ಮಾಡು ಯಾರನ್ನೂ ಎಬ್ಬಿಸಲಿಲ್ಲ. ನೂರು ಗಿಗಾವ್ಯಾಟ್ ಸೋಲಾರಿನಲ್ಲಿ 40 ಮಾಡುಗಳ ಮೇಲೇ ಎಂದು 2022ಕ್ಕೆ ಇಟ್ಟಿದ್ದ ಗುರಿ ಬಹಳ ಹಿಂದೆ ಬಿತ್ತು, ದೊಡ್ಡ ಪಾರ್ಕುಗಳು ಮಾತ್ರ ಮುಂದೆ ಓಡಿದವು. ನನಗೆ ಬೇಸರ ತರುವ ಅಂಕಿ ಇದು.

ಈಗ ಶರಾವತಿಯಲ್ಲೇ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಎನ್ನುತ್ತಿದ್ದಾರೆ. ಹಗಲಿನ ಸೋಲಾರ್ ಕರೆಂಟಿನಲ್ಲಿ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಬೇಡಿಕೆ ಏರಿದಾಗ ಮತ್ತೆ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎತ್ತಲು ಐದು ಯೂನಿಟ್ ಹಾಕಿದರೆ ವಾಪಸು ಬರುವುದು ನಾಲ್ಕರಷ್ಟು. ಕೆಲಸ ನಮ್ಮ ಬ್ಯಾಟರಿಯದ್ದೇ, ಗಾತ್ರ ದೊಡ್ಡದು. ಬ್ಯಾಟರಿ ಇಲ್ಲದೆ ಸೋಲಾರ್ ಅರ್ಧ ಎಂದು ಈ ಮಳೆಗಾಲ ನಾನೇ ಕಂಡಿದ್ದರಿಂದ, ಸಂಗ್ರಹ ಬೇಡ ಎಂದು ಹೇಳಲಾರೆ. ಹೊಸ ಅಣೆಕಟ್ಟಿಲ್ಲ ಎಂಬುದೂ ನಿಜ. ಆದರೆ ಸುರಂಗ, ನೆಲದಡಿಯ ಪವರ್‌ಹೌಸ್, ರಸ್ತೆ ಎಲ್ಲ ಹೋಗುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ಕಾಡಿನ ಮಾಡು ತುಂಡಾದರೆ ಅದರ ದಾರಿ ಮುಗಿಯಿತು. ಈ ಕಣಿವೆ ಒಮ್ಮೆ ಕೊಟ್ಟಾಗಿದೆ. ಇನ್ನೊಮ್ಮೆ ಕೇಳುವುದು ನ್ಯಾಯವಲ್ಲ.

ಮಳೆಗಾಲದಲ್ಲಿ ಸೋಲಾರ್ ಇಳಿದಾಗ ರಾಜ್ಯ ಕತ್ತಲಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಆಗಲೇ ಚಿತ್ರದುರ್ಗ, ಗದಗದ ಗಾಳಿಗಿರಣಿಗಳು ಜೋರು, ಆಗಲೇ ಲಿಂಗನಮಕ್ಕಿಗೆ ನೀರು. ಒಂದು ಕೈಕೊಟ್ಟಲ್ಲಿ ಇನ್ನೊಂದು ಹಿಡಿಯುತ್ತದೆ. ಮಳೆಯೇ ಕೈಕೊಟ್ಟರೆ? 2023ರಲ್ಲಿ ಹಾಗೇ ಆಯಿತು. ಜಲಾಶಯಗಳು ತುಂಬಲಿಲ್ಲ, ಅಕ್ಟೋಬರಿನಲ್ಲಿ ರಾಜ್ಯಕ್ಕೆ ಕರೆಂಟಿನ ಕೊರತೆ ಬಿದ್ದು ಲೋಡ್‌ಶೆಡ್ಡಿಂಗ್ ಶುರುವಾಯಿತು. ಭಾವನ ಕೈಗಾ ಅಂಥ ವರ್ಷಕ್ಕೆ ಬೇಕು.

ಅಣ್ಣನ ಮಗನ ಇನ್ನೊಂದು ಹುಚ್ಚು ಕೃತಕ ಇಂಧನ. ನಮ್ಮ ಹಳೇ ಜೀಪಿಗೆ ಮುಂದೆ ಕರೆಂಟಿನಿಂದ ಮಾಡಿದ ಪೆಟ್ರೋಲು, ಡೀಸೆಲ್ಲು ಬರುತ್ತದೆ, ಜೀಪು ಮಾರಬೇಡಿ ಚಿಕ್ಕಪ್ಪ ಎನ್ನುತ್ತಾನೆ. ನೀರನ್ನು ಒಡೆದು ಹೈಡ್ರೋಜನ್, ಅದಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿ ದ್ರವ ಇಂಧನ. ಅನಿಲದಿಂದ ಎಣ್ಣೆ ಮಾಡುವ ಫಿಷರ್-ಟ್ರೋಪ್ಶ್ ವಿಧಾನ ಜರ್ಮನಿಯಲ್ಲಿ 1925ರಷ್ಟು ಹಿಂದಿನದು; ಚಿಲಿ ದೇಶದ ತೆಂಕಣ ತುದಿಯ ಹಾರು ಓನಿ ಎಂಬ ಘಟಕದಲ್ಲಿ ಗಾಳಿಯ ಕರೆಂಟಿನಿಂದ 2022ರ ಕೊನೆಯಲ್ಲಿ ಪೆಟ್ರೋಲು ಮಾಡಿಯೂ ತೋರಿಸಿದ್ದಾರೆ. ಆಗುವುದಿಲ್ಲ ಎನ್ನುವಂತಿಲ್ಲ. ಆದರೆ ನನ್ನ ಮಾಡಿನ ಲೆಕ್ಕದಲ್ಲಿ ಅದನ್ನು ಅಳೆದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವ ಶಕ್ತಿ ಸುಮಾರು 9 ಯೂನಿಟ್. ಅದನ್ನು ಕರೆಂಟಿನಿಂದ ಮಾಡಲು ಅದರ ಎರಡು ಪಟ್ಟಾದರೂ ಬೇಕು. ಅಂದರೆ ಮಾರ್ಚಿನ ಶುಭ್ರ ಬಿಸಿಲಿನಲ್ಲಿ ಇಡೀ ದಿನ ನಮ್ಮ ಆರು ಪ್ಯಾನೆಲ್ಲು ದುಡಿದರೂ ಒಂದು ಲೀಟರು ಆಗುವುದಿಲ್ಲ. ಒಂದು ಲೀಟರಿಗೆ ನಮ್ಮ ಜೀಪು ಸಾಗರ ಪೇಟೆಗೂ ಮುಟ್ಟುವುದಿಲ್ಲ. ಅದೇ ಹನ್ನೆರಡು ಯೂನಿಟ್ಟನ್ನು ಮಗಳ ಎಲೆಕ್ಟ್ರಿಕ್ ಸ್ಕೂಟರಿಗೆ ತುಂಬುತ್ತಾ ಹೋದರೆ ಮುನ್ನೂರು ಕಿಲೋಮೀಟರಿನ ಮೇಲೆ ಓಡುತ್ತದೆ. ಇದನ್ನು ಅಡಿಕೆ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಅವನು ಒಪ್ಪಿದ, ಆದರೆ ವಿಮಾನ ಬ್ಯಾಟರಿಯಲ್ಲಿ ಸಾಗರ ದಾಟುವುದಿಲ್ಲವಲ್ಲ ಎಂದ. ಅದು ಸರಿ. ಯುರೋಪಿನವರು ವಿಮಾನದ ಇಂಧನದಲ್ಲಿ 2030ಕ್ಕೆ ಶೇ. 1.2, 2050ಕ್ಕೆ ಶೇ. 35 ಕೃತಕದ್ದೇ ಇರಬೇಕು ಎಂದು ಕಾನೂನು ಮಾಡಿದ್ದಾರೆ. ನಮ್ಮಲ್ಲೂ 2023ರ ಜನವರಿಯಲ್ಲಿ 19,744 ಕೋಟಿಯ ಹಸಿರು ಹೈಡ್ರೋಜನ್ ಮಿಷನ್ ಒಪ್ಪಿಗೆ ಪಡೆಯಿತು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಅಷ್ಟಕ್ಕೆ ಹೆಚ್ಚುವರಿಯಾಗಿ ಸುಮಾರು 125 ಗಿಗಾವ್ಯಾಟ್ ನವೀಕರಿಸಬಹುದಾದ ಸಾಮರ್ಥ್ಯ ಬೇಕಂತೆ. ಆ ಹೈಡ್ರೋಜನ್ ಗೊಬ್ಬರದ ಕಾರ್ಖಾನೆಗೆ, ಉಕ್ಕಿಗೆ, ವಿಮಾನಕ್ಕೆ ಹೋಗಲಿ. ಜೀಪಿಗೆ ಸುಡುವಷ್ಟು ಅಗ್ಗದ ಕರೆಂಟು ನಮ್ಮಲ್ಲಿಲ್ಲ.

ತೊಂದರೆಗಳಿಗೆ ಬರುತ್ತೇನೆ. ನಮ್ಮದು ಜಂಬಿಟ್ಟಿಗೆ ನೆಲ. ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಹಿಡಿಯುವುದೇ ಇಲ್ಲ. ಅಂಗಡಿಯವರು ಅರ್ಥಿಂಗ್ ಗುಂಡಿ ಮಾಮೂಲು ಆಳಕ್ಕೆ ತೆಗೆದು ಹೋಗಿದ್ದರು. ಏಪ್ರಿಲ್ ಕೊನೆಯ ಗುಡುಗುಮಳೆಗೆ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದು, ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಸುಟ್ಟಿತು. ಇನ್ವರ್ಟರು ಉಳಿಯಿತು, ಅದು ಆ ಸಣ್ಣ ಡಬ್ಬಿಯ ಪುಣ್ಯ. ಫೋನು ಮಾಡಿದರೆ ನಾಳೆ, ನಾಡಿದ್ದು ಎನ್ನುತ್ತಾ ವಾರ ದಾಟಿಸಿದರು. ಮಾರುವಾಗ ಇದ್ದ ಚುರುಕು ರಿಪೇರಿಗೆ ಇಲ್ಲ. ಆಮೇಲೆ ಬಂದು ತೋಟದ ಅಂಚಿನ ತೇವದ ಜಾಗದಲ್ಲಿ ಹೊಸ ಗುಂಡಿ ತೆಗೆದು ಇದ್ದಿಲು, ಉಪ್ಪು ತುಂಬಿ ಸರಿಮಾಡಿದರು, ದುಡ್ಡು ಕೇಳಲಿಲ್ಲ. ಮಂಗಗಳು ಇನ್ನೊಂದು. ಹಲಸಿನ ಗೆಲ್ಲಿನಿಂದ ಗುಂಪಾಗಿ ಹಾರಿ ಪ್ಯಾನೆಲ್ಲಿನ ಮೇಲೇ ಇಳಿಯುತ್ತವೆ. ಗಾಜು ಇದುವರೆಗೆ ಒಡೆದಿಲ್ಲ, ಆದರೆ ಕೆಳಗಿನ ವೈರು ಎಳೆದು ಹಾಕಿದ್ದವು. ವೈರು ಪೂರ್ತಿ ಪೈಪಿನೊಳಗೆ ಹೋಗುವಂತೆ ಮೊದಲೇ ಮಾಡಿಸಿಕೊಳ್ಳಿ. ಮಳೆಗಾಲ ಮುಗಿಯುವಾಗ ಪ್ಯಾನೆಲ್ಲಿನ ಕೆಳ ಅಂಚಿಗೆ ಹಸಿರು ಪಾಚಿ ಕಟ್ಟುತ್ತದೆ. ಬೆಳಿಗ್ಗೆ ತಂಪಿನಲ್ಲಿ ನೀರು, ಮೆದು ಬಟ್ಟೆ ಸಾಕು, ಸೋಪಿನ ಪುಡಿ, ನಾರು ಬೇಡ. ಆ್ಯಪು ನೆಟ್‌ವರ್ಕ್ ಇದ್ದರೆ ಮಾತ್ರ. ನಮ್ಮಲ್ಲಿ ಅದು ಗುಡ್ಡದ ಮೇಲಿನ ಮನೆಯವರಿಗಷ್ಟೇ ಇತ್ತು, ಬ್ರಾಡ್‌ಬ್ಯಾಂಡ್ ಎಳೆಸಿದ ಮೇಲೆ ಸರಿಯಾಯಿತು.

ಐದಕ್ಕೆ ಎಷ್ಟು ಎಂದರೆ, ಪ್ಯಾನೆಲ್ಲಿಗೂ ಇನ್ವರ್ಟರಿಗೂ ನಾಲ್ಕೂವರೆ, ಅಂಗಡಿಯವರ ಪ್ರಾಮಾಣಿಕತೆಗೆ ಐದು, ಮಾರಿದ ಮೇಲಿನ ಸೇವೆಗೆ ಮೂರು. ಅಡಿಕೆ ಸುಲಿಯುವ ಯಂತ್ರ, ಹಿಟ್ಟಿನ ಗಿರಣಿ, ಹೋಂಸ್ಟೇ ಹೀಗೆ ಹಗಲು ಕರೆಂಟು ಬೇಕಾಗುವವರು ಹಾಕಿಸಿ. ಅರ್ಜಿ ಆಗಸ್ಟಿನಲ್ಲೇ ಕೊಡಿ, ಕೊಯ್ಲು ಶುರುವಾಗುವ ಮೊದಲು ಮೀಟರು ಕೂರುತ್ತದೆ. ಏಪ್ರಿಲಿನಲ್ಲಿ ಹಾಕಿಸಿದರೆ ಮೊದಲು ನೋಡುವುದು ಎರಡು ಯೂನಿಟ್ಟಿನ ದಿನಗಳನ್ನೇ. ಕೊಟೇಶನ್ನಿನಲ್ಲಿ ಅರ್ಥಿಂಗಿನ ಆಳ, ಸರ್ಜ್ ಪ್ರೊಟೆಕ್ಟರ್ ಹೋದರೆ ಎಷ್ಟು ದಿನದೊಳಗೆ ಬದಲಿಸುತ್ತಾರೆ, ಬ್ಯಾಟರಿಗೆ ಎಷ್ಟು ವರ್ಷ ಗ್ಯಾರಂಟಿ ಎಂಬ ಮೂರನ್ನೂ ಬರೆಸಿಕೊಂಡು ಸಹಿ ಹಾಕಿಸಿ, ಆಮೇಲೆ ಅಡ್ವಾನ್ಸ್ ಕೊಡಿ.